ಕಲ್ಲಿನ ಊರಿನಲ್ಲಿ ಗಾಜಿನ ಗೋಡೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಿಂತು ಕಣ್ಣಾಡಿಸಿದರೆ ಇದು ಯಾವ ಊರೆಂದು ಕಟ್ಟಡಗಳು ಹೇಳುವುದಿಲ್ಲ. ದುಬೈಯಲ್ಲೂ ಶಾಂಘೈಯಲ್ಲೂ ಇರುವ ಗಾಜಿನ ಹೊದಿಕೆಯೇ ಇಲ್ಲಿಯೂ ಇದೆ. ಗಾಜನ್ನು ಹಾದು ಒಳನುಗ್ಗಿದ ಬಿಸಿಲಿನ ಶಾಖ ಸುಲಭವಾಗಿ ಹೊರಹೋಗದು. ಅದನ್ನು ಓಡಿಸಲು ಹಗಲಿಡೀ ಹವಾನಿಯಂತ್ರಣ ಯಂತ್ರಗಳು ದುಡಿಯಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ, ವರ್ಷದ ಬಹುಪಾಲು ಕಿಟಕಿ ತೆರೆದಿಟ್ಟರೆ ಸಾಕೆನ್ನುವ ಹವೆಯ ಊರಿನಲ್ಲಿ ತೆರೆಯಲಾಗದ ಕಿಟಕಿಗಳನ್ನು ಕೂರಿಸುವುದನ್ನು ಆಧುನಿಕತೆಯೆಂದು ಕರೆಯಲು ನನಗೆ ಮನಸ್ಸಾಗದು.

ಹಾಗೆಂದು ಹಳೆಯ ಕೆತ್ತನೆಗಳನ್ನು ಅಂಟಿಸಿದ ಮಾತ್ರಕ್ಕೆ ಕಟ್ಟಡಕ್ಕೆ ನೆಲದ ಗುಣ ಬಂದೀತೇ? 1956ರಲ್ಲಿ ಪೂರ್ಣಗೊಂಡ ವಿಧಾನಸೌಧಕ್ಕೆ ಕೆಂಗಲ್ ಹನುಮಂತಯ್ಯನವರು ದ್ರಾವಿಡ ಶೈಲಿಯ ಕಂಬ, ಕೆತ್ತನೆಗಳನ್ನು ಬಯಸಿದ್ದಕ್ಕೆ ಅರ್ಥವಿತ್ತು. ಆಗತಾನೇ ಸ್ವತಂತ್ರರಾದ ಜನರಿಗೆ, ಕೆಂಪು ಅಠಾರಾ ಕಚೇರಿಯ ಎದುರಿಗೇ, ತಮ್ಮದೆನ್ನುವ ಗುರುತೊಂದು ಬೇಕಾಗಿತ್ತು. 2005ರಲ್ಲಿ ಉದ್ಘಾಟನೆಗೊಂಡ ಪಕ್ಕದ ವಿಕಾಸಸೌಧ ಅದೇ ರೂಪವನ್ನು ಪುನರುಚ್ಚರಿಸಿತು. ಅದರಲ್ಲಿ ನನಗೆ ಕಂಡದ್ದು ಅನುಕರಣೆ ಮಾತ್ರ.

ಎರಡಕ್ಕೂ ಹೊರತಾದ ದಾರಿಯೊಂದು ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿದೆ. ಅದರ ವಿನ್ಯಾಸಕಾರ ಬಾಲಕೃಷ್ಣ ದೋಶಿ ಪ್ಯಾರಿಸಿನಲ್ಲಿ ಲೆ ಕಾರ್ಬೂಸಿಯೆ ಅವರ ಬಳಿ ದುಡಿದವರು; ಅಹಮದಾಬಾದಿನ ಐಐಎಂ ನಿರ್ಮಾಣದಲ್ಲಿ ಲೂಯಿ ಕಾನ್ ಅವರ ಜತೆಗಿದ್ದವರು. ಪಶ್ಚಿಮದ ಆಧುನಿಕತೆಯನ್ನು ಇಷ್ಟು ಹತ್ತಿರದಿಂದ ಬಲ್ಲವರು ಇಲ್ಲಿ ಕಾಂಕ್ರೀಟಿನ ಜತೆಗೆ ಈ ಸೀಮೆಯ ಬೂದುಬಣ್ಣದ ಒರಟು ಕಲ್ಲನ್ನು ಕೈಗೆತ್ತಿಕೊಂಡರು. ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು; ಬೆಂಗಳೂರು ನಿಂತಿರುವುದೇ ಅಂಥ ಕಲ್ಲಿನ ಮೇಲಲ್ಲವೇ? ದೋಶಿಯವರಿಗೆ ಪ್ರೇರಣೆಯಾದದ್ದು ದೂರದ ಫತೇಪುರ್ ಸಿಕ್ರಿಯ ಅಂಗಳಗಳು. ಆದರೂ ಈ ಆವರಣ ಇಲ್ಲಿಯದೇ ಆಯಿತು. ಕಾರಣ ಅಲ್ಲಿನ ಮೊಗಸಾಲೆಗಳು. ಒಂದೆಡೆ ಪೂರ್ತಿ ಸೂರು, ಇನ್ನೊಂದೆಡೆ ಬರಿಯ ತೊಲೆಗಳ ಚಪ್ಪರ, ಮುಂದೆ ಬಯಲು. ತೊಲೆಗಳ ನೆರಳು ಗಂಟೆಗಂಟೆಗೂ ನೆಲದ ಮೇಲೆ ಸರಿಯುತ್ತದೆ. ಬಳ್ಳಿಗಳು ಕಲ್ಲನ್ನು ತಬ್ಬಿಕೊಂಡಿವೆ. ಗೋಪುರವಿಲ್ಲ, ಕೆತ್ತನೆಯಿಲ್ಲ. ಅಲ್ಲಿ ನಡೆಯುವಾಗ ನನಗೆ ನೆನಪಾದದ್ದು ಬಿಸಿಲು ಮಳೆಗಳನ್ನು ಮನೆಯೊಳಕ್ಕೇ ಕರೆದುಕೊಳ್ಳುವ ನಮ್ಮ ತೊಟ್ಟಿಮನೆ. 2018ರಲ್ಲಿ ದೋಶಿಯವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಆ ಗೌರವ ಪಡೆದ ಮೊದಲ ಭಾರತೀಯರವರು. 2023ರಲ್ಲಿ ತೀರಿಕೊಂಡರು.

ಆದರೆ ಒಂದು ತಕರಾರನ್ನು ಹೇಳಲೇಬೇಕು. ಈ ಸೊಗಸೆಲ್ಲ ಕಾವಲಿರುವ ಗೇಟಿನ ಒಳಗಿದೆ. ಬೀದಿಗೆ ಹೋಗುವವನಿಗೆ ಅದರ ನೆರಳು ದಕ್ಕುವುದಿಲ್ಲ. ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳ ಜಗಲಿ ಹಾಗಿರಲಿಲ್ಲ. ಹೂವು ಮಾರುವವಳೂ ಅಲ್ಲಿ ಬುಟ್ಟಿ ಇಳಿಸಿ ನೀರು ಕೇಳಬಹುದಿತ್ತು. (ಎಲ್ಲ ಜಗಲಿಗಳೂ ಎಲ್ಲರಿಗೂ ಸಮಾನವಾಗಿ ತೆರೆದಿರಲಿಲ್ಲವೆಂಬುದನ್ನೂ ಮರೆಯಬಾರದು.) ವಿನ್ಯಾಸಕಾರರ ಚರ್ಚೆಗಳಲ್ಲಿ ಕಲ್ಲು, ಗಾಜುಗಳ ಬಗ್ಗೆ ಕೇಳುವಷ್ಟು ಮಾತು ಈ ಅಂಚಿನ ಬಗ್ಗೆ ಕೇಳಿಬರುವುದಿಲ್ಲ. ಅದೇ ಬೀದಿಗಳಲ್ಲಿ ಈಗ ಏಳುತ್ತಿರುವ ಅಪಾರ್ಟ್‌ಮೆಂಟುಗಳ ನೆಲಮಟ್ಟ ಪೂರ್ತಿಯಾಗಿ ಕಾರುಗಳಿಗೆ ಸೇರಿದ್ದು. ಅಲ್ಲಿ ಕೂರಲು ಇರುವುದು ಕಾವಲುಗಾರನ ಪ್ಲಾಸ್ಟಿಕ್ ಕುರ್ಚಿ ಒಂದೇ.