ಬೆನ್ನುಹುರಿಗೆ ಪೆಟ್ಟಾದವರ ಕರುಳಿನ ಕಾಳಜಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬದುಕು ತೆಂಗನ್ನೇ ನಂಬಿದೆ. ಕಾಯಿ ಕೀಳಲು ಮರವೇರಿದವರು ಜಾರಿ ಬಿದ್ದರೆ ಬೆನ್ನುಹುರಿ ಘಾಸಿಗೊಂಡು ಕಾಲುಗಳ ಬಲ ಉಡುಗಬಹುದು. ಮನೆಯವರ ಗಮನವೆಲ್ಲ ಕಾಲಿನ ಕಡೆಗೇ ಇರುತ್ತದೆ. ಕರುಳಿನ ಹಿಡಿತವೂ ತಪ್ಪಿರುವುದು ಅರಿವಿಗೆ ಬರುವುದಿಲ್ಲ.

ಮಲವಿಸರ್ಜನೆಯನ್ನು ಆಯುರ್ವೇದವು ಅಪಾನವಾಯುವಿನ ಕಾರ್ಯವೆನ್ನುತ್ತದೆ. ಮಿದುಳಿನ ಸಂದೇಶವು ಬೆನ್ನುಹುರಿಯ ಮೂಲಕ ಕೆಳಗಿಳಿಯದಿದ್ದಾಗ ಕರುಳಿನ ಚಲನೆ ನಿಧಾನವಾಗಿ ಮಲವು ಗಟ್ಟಿಗೊಂಡು ನಿಲ್ಲುತ್ತದೆ. ಅದರ ಪಕ್ಕದಿಂದ ನೀರಾದ ಮಲ ಸೋರುವುದುಂಟು. ಇದನ್ನೇ ಭೇದಿಯೆಂದು ಭಾವಿಸಿ ಭೇದಿ ನಿಲ್ಲಿಸುವ ಔಷಧ ಕೊಟ್ಟರೆ ಅಡಚಣೆ ಇನ್ನಷ್ಟು ಬಲಿಯುತ್ತದೆ. ಕರುಳು ತೂತಾದರೂ ರೋಗಿಗೆ ನೋವು ತಿಳಿಯದಿರಬಹುದು. ಹೊಟ್ಟೆಯುಬ್ಬರ, ವಾಂತಿ, ಜ್ವರ, ಊಟ ಸೇರದಿರುವಿಕೆ ಇವೇ ಸೂಚನೆಗಳು. ಆಗ ಮನೆಯಲ್ಲಿ ಹರಳೆಣ್ಣೆಯನ್ನಾಗಲಿ ಬಸ್ತಿಯನ್ನಾಗಲಿ ಪ್ರಯೋಗಿಸದೆ, ಶಸ್ತ್ರಚಿಕಿತ್ಸೆಯ ಸೌಲಭ್ಯವುಳ್ಳ ಆಸ್ಪತ್ರೆಗೆ ಒಯ್ಯಬೇಕು.

ಎದೆಭಾಗದ 6ನೆಯ ಕಶೇರುಕದ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಪೆಟ್ಟಾಗಿದ್ದರೆ, ತುಂಬಿದ ಕರುಳೇ ರಕ್ತದೊತ್ತಡವನ್ನು ಹಠಾತ್ತನೆ ಏರಿಸಬಲ್ಲದು. ತಲೆ ಸಿಡಿಯುವಂತಾಗಿ ಮುಖ ಕೆಂಪೇರಿ ಬೆವರಿದರೆ ರೋಗಿಯನ್ನು ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಉಡುಪು ಸಡಿಲಿಸಿ, ಮೂತ್ರದ ನಳಿಕೆ ಮಡಿಚಿದೆಯೇ ನೋಡಿ, 108ಕ್ಕೆ ಕರೆಮಾಡಬೇಕು.

ಈ ಕಷ್ಟಗಳನ್ನು ತಡೆಯಲು ನಿಯತ ದಿನಚರಿ ಅವಶ್ಯ. ಉಂಡೊಡನೆ ಕರುಳು ಸಹಜವಾಗಿ ಚಲಿಸುವುದರಿಂದ, ಊಟವಾದ ಅರ್ಧ ಗಂಟೆಯೊಳಗೆ, ನಿಗದಿತ ವೇಳೆಯಲ್ಲಿ ಶೌಚಕ್ಕೆ ಕೂರಿಸಬೇಕು. ನೀರು, ಸೊಪ್ಪು, ಔಷಧಗಳ ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು. ಮಲವಿಸರ್ಜನೆಯಾದ ದಿನಗಳನ್ನು ಬರೆದಿಡಬೇಕು. ರೋಗಿಯು ಸಂಕೋಚದಿಂದ ಹೇಳಲಾರನು. ಮನೆಯವರೇ ಅಕ್ಕರೆಯಿಂದ ಕೇಳಬೇಕು.