ರುಚಿಗೂ ಒಂದು ಬಡಿತ

ತಿಪಟೂರಿನ ಹತ್ತಿರದ ಹಾಲ್ಕುರಿಕೆಯಲ್ಲಿ, ಅಟ್ಟದಲ್ಲಿರುವ ತೆಂಗಿನಕಾಯಿ ಕೊಬ್ಬರಿಯಾಗಿದೆಯೇ ಎಂದು ನೋಡಲು ಯಾರೂ ಅದನ್ನು ಒಡೆಯುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಹಸಿ. ತಿಂಗಳುಗಟ್ಟಲೆ ಅಟ್ಟದಲ್ಲಿದ್ದು ನೀರೆಲ್ಲ ಹಿಂಗಿ, ಒಣಗಿದ ತಿರುಳಿನ ಗಿಟುಕು ಚಿಪ್ಪು ಬಿಟ್ಟು ಒಳಗೆ ಗಡಗಡ ಉರುಳಿದರೆ ಸುಲಿಯಬಹುದು. ಆದರೆ ಕೊಬ್ಬರಿ ಸಿಹಿಯೋ ಕಮಟೋ ಎಂಬುದನ್ನು ಕಿವಿ ಹೇಳದು, ಚೂರು ಕಚ್ಚಲೇಬೇಕು.

ರುಚಿಯನ್ನೂ ಬಡಿತದಿಂದ ಗುರುತಿಸುವ ಒಂದು ಸಾಧನವಿದೆ: ಮಿಡಿಯುವ ದ್ರವ ಪೊರೆ. ಪೊರೆ ಎಂದರೆ ಹಾಳೆಯಂಥದ್ದಲ್ಲ, ಎರಡು ನೀರುಗಳ ನಡುವೆ ನಿಂತ ಎಣ್ಣೆಯಂಥ ದ್ರವ. 'ಯು' ಆಕಾರದ ಗಾಜಿನ ಕೊಳವೆಯ ತಳಕ್ಕೆ ಪಿಕ್ರಿಕ್ ಆಮ್ಲ ಕರಗಿಸಿದ ನೈಟ್ರೋಬೆಂಜೀನ್ ಹಾಕುತ್ತಾರೆ. ಇದು ನೀರಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಎರಡೂ ತೋಳುಗಳಲ್ಲಿ ಮೇಲೆ ನೀರು. ಒಂದು ಕಡೆಯ ನೀರಿಗೆ ಸಾಬೂನಿನ ಗುಣದ ರಾಸಾಯನಿಕವೊಂದನ್ನು ಬೆರೆಸಿ, ಎರಡೂ ಕಡೆ ವಿದ್ಯುದ್ವಾರ ಇಳಿಬಿಟ್ಟರೆ ವೋಲ್ಟೇಜು ತಾನಾಗಿ ಏರಿಳಿಯತೊಡಗುತ್ತದೆ.

ಸೀಟು ತುಂಬುವವರೆಗೂ ಹೊರಡದ ನಮ್ಮ ಕಡೆಯ ಟೆಂಪೋಗಳನ್ನು ನೋಡಿದವರಿಗೆ ಇದರ ಕಾರಣ ಸುಲಭ. ಸಾಬೂನಿನ ಅಣುಗಳು ಎಣ್ಣೆ-ನೀರಿನ ಗಡಿಗೆ ಒಂದೊಂದಾಗಿ ಬಂದು ನಿಲ್ಲುತ್ತವೆ. ಜಾಗ ತುಂಬುವವರೆಗೂ ಯಾರೂ ಹೊರಡುವುದಿಲ್ಲ. ತುಂಬಿದೊಡನೆ ಗುಂಪಾಗಿ ಎಣ್ಣೆಯೊಳಗೆ ಜಾರಿಬಿಡುತ್ತವೆ. ಗಡಿ ಖಾಲಿ, ಮತ್ತೆ ಒಬ್ಬೊಬ್ಬರೇ ಬರಬೇಕು. ಒಂದೊಂದು ಸಲ ಖಾಲಿಯಾದಾಗಲೂ ಒಂದು ಬಡಿತ.

ಎಣ್ಣೆ-ನೀರಿನ ಗಡಿಯ ಈ ಚಡಪಡಿಕೆಯನ್ನು 1978ರಲ್ಲೇ ಫ್ರಾನ್ಸಿನ ದ್ಯುಪೇರಾ ಮತ್ತು ನಕಾಶ್ ವಿವರಿಸಿದ್ದರು. ಜಪಾನಿನ ಯೋಶಿಕಾವಾ ಮತ್ತು ಮಾತ್ಸುಬಾರಾ ಅದನ್ನು ವಿದ್ಯುತ್ತಿನ ಲಯವಾಗಿ ಅಳೆದರು. ನೀರಿಗೆ ಬೆರೆಸಿದ ಆಲ್ಕೊಹಾಲ್ ಯಾವುದೆಂಬುದರ ಮೇಲೆ ಬಡಿತದ ವೇಗ ಬದಲಾಗುವುದನ್ನು 1984ರಲ್ಲಿ ತೋರಿಸಿದರು. ಮುಂದೆ ಉಪ್ಪು, ಸಕ್ಕರೆ, ಹುಳಿ, ಕಹಿಯಾದ ಕ್ವಿನೈನ್‌ಗಳ ಸರದಿ. ನಮ್ಮಲ್ಲಿ ಪಿಲಾನಿಯ ಬಿಟ್ಸ್‌ನ ಆರ್.ಸಿ. ಶ್ರೀವಾಸ್ತವ ಅವರ ತಂಡವೂ ದ್ರವ ಪೊರೆಗಳ ಮೇಲೆ ಕೆಲಸ ಮಾಡಿತು. ನನಗೆ ಸೋಜಿಗವೆನಿಸುವುದು ಇದು: ನಾಲಿಗೆ ಸಿಹಿ-ಕಹಿ ಅರಿಯುವುದು ಅದಕ್ಕೆಂದೇ ಇರುವ ಪ್ರೋಟೀನುಗಳಿಂದ. ಈ ಕೊಳವೆಯಲ್ಲಿ ಅಂಥ ಒಂದೂ ಇಲ್ಲ. ಆದರೂ ಕಹಿ ಪದಾರ್ಥಗಳಲ್ಲಿ ಹಲವು ಎಣ್ಣೆಗೆ ಒಲಿಯುವಂಥವಾದ್ದರಿಂದ, ಆ ಗಡಿಯಲ್ಲೇ ಜಾಗ ಹಿಡಿದು ಲಯ ಕೆಡಿಸುತ್ತವೆ.

ಹಾಗೆಂದು ಇದನ್ನು ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಾದ ಎಪಿಎಂಸಿಗೆ ತರುವಂತಿಲ್ಲ. ನೈಟ್ರೋಬೆಂಜೀನ್‌ಗೆ ಬಾದಾಮಿಯ ಪರಿಮಳವಿದ್ದರೂ ಅದು ವಿಷ. ಪಿಕ್ರಿಕ್ ಆಮ್ಲ ಒಣಗಿದರೆ ಸಿಡಿಯುವಂಥದ್ದು. ಸೆಕೆ ಏರಿದರೂ ಕೊಳವೆ ಅಲುಗಿದರೂ ಬಡಿತ ತಪ್ಪುತ್ತದೆ. ಮಾರುಕಟ್ಟೆಗೆ ಬಂದ ರುಚಿಯಂತ್ರ ಬೇರೆ ದಾರಿಯದು: ಕ್ಯುಶು ವಿಶ್ವವಿದ್ಯಾಲಯದ ಕಿಯೋಶಿ ಟೋಕೊ ಪ್ಲಾಸ್ಟಿಕ್ಕಿನಲ್ಲಿ ಕೊಬ್ಬಿನಂಶ ಬೆರೆಸಿದ ಗಟ್ಟಿ ಪೊರೆಗಳನ್ನು ಬಳಸಿದರು. ಅಲ್ಲಿ ಬಡಿತವಿಲ್ಲ, ವೋಲ್ಟೇಜಿನ ವ್ಯತ್ಯಾಸ ಮಾತ್ರ.

ಹಾಲ್ಕುರಿಕೆಯ ಕೊಬ್ಬರಿಗಂತೂ ದ್ರವ ಪೊರೆ ಇನ್ನೂ ಕಷ್ಟದ್ದು. ಕೊಬ್ಬರಿಯ ಅರ್ಧಕ್ಕಿಂತ ಹೆಚ್ಚು ಪಾಲು ಎಣ್ಣೆ. ಚೂರನ್ನು ನೀರಿನಲ್ಲಿ ಅರೆದು ಹಾಕಿದರೆ ಸಕ್ಕರೆಯ ಜೊತೆ ಆ ಎಣ್ಣೆಯೂ ನೀರಿಗೆ ಸೇರುತ್ತದೆ; ಬಡಿತ ಬದಲಾದರೆ ಅದು ಯಾವುದರಿಂದ ಎಂದು ಹೇಳುವುದು ಕಷ್ಟ.