ಸುಗಂಧದ ಪರೀಕ್ಷೆ

ಅಂಗಡಿಯ ದೀಪಗಳಡಿ ಥಳಥಳಿಸುವ ಸೀಸೆಗಳಲ್ಲೊಂದನ್ನೆತ್ತಿ, ಕಾಗದದ ಪಟ್ಟಿಯ ಮೇಲೆ ಸಿಂಪಡಿಸಿ, ಒಡನೆಯೇ ಮೂಗಿಗೊತ್ತಿಕೊಂಡು, ‘ಬಹಳ ಚೆನ್ನಾಗಿದೆ’ ಎಂದು ಸಾವಿರಾರು ರೂಪಾಯಿ ತೆರುವ ಮಹನೀಯರು, ತಾವು ಮೆಚ್ಚಿದ್ದು ಕೆಲವೇ ನಿಮಿಷ ಬಾಳುವ ಬೆಡಗನ್ನೆಂಬುದನ್ನು ಅರಿತಿರಬೇಕು. ಮೊದಲು ಮೂಗನ್ನು ತಾಗುವುದು ಮದ್ಯಸಾರ ಮತ್ತು ನಿಂಬೆ, ಕಿತ್ತಳೆಗಳ ಕುಲಕ್ಕೆ ಸೇರಿದ, ಶೀಘ್ರವಾಗಿ ಆವಿಯಾಗುವ ಹಗುರವಾದ ಅಣುಗಳು; ಅವು ಚದುರಿದ ಬಳಿಕ ಪುಷ್ಪಗಂಧವೂ, ಗಂಟೆಗಳು ಕಳೆದ ಮೇಲೆ ಚಂದನ, ಕಸ್ತೂರಿ, ವೆನಿಲಾಗಳ ಗಂಭೀರ ಪರಿಮಳವೂ ಪ್ರಕಟವಾಗುತ್ತವೆ.

1989ರಲ್ಲಿ ಪ್ಯಾರಿಸ್ಸಿನ ಗೆರ್ಲೇನ್ ಸಂಸ್ಥೆಯು ಹೊರತಂದ ‘ಸಂಸಾರ’ವೆಂಬ ಸುಗಂಧವನ್ನೇ ನೋಡಿರಿ. ಮಲ್ಲಿಗೆಯೂ ಶ್ರೀಗಂಧವೂ ಅದರ ಜೀವಾಳ. ನಮ್ಮ ಮೈಸೂರಿನ ಗಂಧದೆಣ್ಣೆಯಿಂದಲೇ ಅದು ಹೆಸರಾದದ್ದು. ಆರಂಭದಲ್ಲಿ ಹೂವಿನ ಅಬ್ಬರ ತುಸು ಅತಿಯೆನಿಸಿದರೂ, ಮಣಿಕಟ್ಟಿನ ಮೇಲೆ ಹೊತ್ತು ಕಳೆದಂತೆ ಮಲ್ಲಿಗೆ ಹಿಂದೆ ಸರಿದು, ಹಾಲಿನ ಕೆನೆಯಂತೆ ಮೃದುವಾದ ಗಂಧವು ಚರ್ಮದ ಬಿಸುಪಿಗೆ ಮೆಲ್ಲನೆ ಬಿಚ್ಚಿಕೊಳ್ಳುವುದನ್ನು ಕಾಗದದ ಪಟ್ಟಿಯು ಎಂದಿಗೂ ಹೇಳಲಾರದು.

ಮಣಿಕಟ್ಟುಗಳನ್ನು ಒಂದಕ್ಕೊಂದು ಉಜ್ಜುವ ರೂಢಿಯೂ ಒಳ್ಳೆಯದಲ್ಲ. ಆ ಶಾಖಕ್ಕೆ ಮೊದಲ ಪರಿಮಳವು ಇನ್ನೂ ಬೇಗ ಹಾರಿಹೋಗುತ್ತದೆ. ನಾಲ್ಕಾರು ಬಗೆಯನ್ನು ಮೂಸಿದ ನಾಸಿಕವು ದಣಿದು ವಿವೇಚನೆಯನ್ನೇ ಕಳೆದುಕೊಳ್ಳುವುದರಿಂದ ಅಂಗಡಿಯವರು ಕಾಫಿಬೀಜದ ಬಟ್ಟಲನ್ನು ಮುಂದಿಡುತ್ತಾರೆ. ಅದೂ ಮತ್ತೊಂದು ವಾಸನೆಯೇ ತಾನೆ! ಹೊರಗಿನ ಗಾಳಿಯಲ್ಲಿ ನಾಲ್ಕು ಹೆಜ್ಜೆ ನಡೆಯುವುದು ಮೇಲು.

ಆದುದರಿಂದ, ಒಮ್ಮೆಗೆ ಒಂದೆರಡನ್ನು ಮಾತ್ರ ಮೈಗೆ ಪೂಸಿಕೊಂಡು, ಅಂಗಡಿಯಿಂದ ಬರಿಗೈಯಲ್ಲಿ ಹೊರಬನ್ನಿ. ಸಂಜೆಯ ವೇಳೆಗೂ ಅದು ನಿಮಗೆ ಹಿತವೆನಿಸಿದರೆ, ಮರುದಿನ ಹೋಗಿ ಕೊಳ್ಳಿರಿ.